ಗರಿಕೆಯ ನಡುವಣ ಕಳೆಹುಲ್ಲು

ಮನೆಯ ಮುಂದೆ ಗರಿಕೆಯ ಹಾಸನ್ನು ಬೆಳೆಸಿದವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಮುಂಗಾರು ಬಿದ್ದ ಕೆಲವು ವಾರಗಳಲ್ಲಿಯೇ ಸಮನಾದ ಹಸುರಿನ ನಡುವೆ ಒರಟು ಬುಡಗಳು ತಲೆಯೆತ್ತುತ್ತವೆ. ಮಳೆಗಾಲ ಕಳೆದು ನೆಲವೊಣಗಿದ ಮೇಲೆ ಅವು ಸತ್ತು, ಆ ಎಡೆಯಲ್ಲಿ ಬೋಳು ಮಣ್ಣು ಉಳಿಯುತ್ತದೆ. ಇವೇ ಏಕವಾರ್ಷಿಕ ಹುಲ್ಲುಗಳು. ಗರಿಕೆಯು ಬಹುವಾರ್ಷಿಕ, ಹಬ್ಬುವ ಕಾಂಡಗಳಿಂದ ವರ್ಷವರ್ಷವೂ ಬಾಳುತ್ತದೆ. ಏಕವಾರ್ಷಿಕಕ್ಕಾದರೋ ಬೀಜವೊಂದೇ ಗತಿ. ಅದರ ಬಲವೂ ದೌರ್ಬಲ್ಯವೂ ಅಡಗಿರುವುದು ಇಲ್ಲಿಯೇ.

ಗುರುತರಿಯದೆ ಕೀಳಹೊರಟರೆ ಕಳೆಯೊಡನೆ ಗರಿಕೆಯೂ ಹೋಗುವುದು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವವು ಮೂರು. ಎಲ್ಯೂಸೈನ್ ಇಂಡಿಕಾ ಎಂಬುದರ ಬುಡವು ಚಪ್ಪಟೆಯಾಗಿ, ಬಿಳಿಚಿಕೊಂಡು, ನೆಲಕ್ಕೊತ್ತಿದ ಚಕ್ರದಂತೆ ಹರಡಿರುತ್ತದೆ. ಇದರ ತೆನೆಯು ರಾಗಿಯನ್ನು ನೆನಪಿಗೆ ತಂದರೆ ಆಶ್ಚರ್ಯವಿಲ್ಲ. ರಾಗಿಯ ಎರಡು ಪೂರ್ವಜ ವಂಶಗಳಲ್ಲಿ ಒಂದು ಈ ಹುಲ್ಲಿನದೇ. ಡಿಜಿಟೇರಿಯಾ ಜಾತಿಯ ತೆನೆಬೆರಳುಗಳು ತೆಳುವು. ಎಲೆಯ ಬುಡದಲ್ಲಿ ಹಲವು ವೇಳೆ ರೋಮಗಳಿರುತ್ತವೆ. ಡ್ಯಾಕ್ಟಿಲೊಕ್ಟೀನಿಯಮ್ಮಿನ ಪ್ರತಿ ಬೆರಳಿನ ತುದಿಯೂ ಬರಿಯ ಮುಳ್ಳಿನಂತೆ ಚಾಚಿರುತ್ತದೆ. ತೆನೆ ಬರುವ ಮುನ್ನ ಎಲೆಯು ಕಾಂಡವನ್ನು ಸೇರುವ ಸ್ಥಳವನ್ನು ಭೂತಗನ್ನಡಿಯಿಂದ ನೋಡಬೇಕು: ಗರಿಕೆಯಲ್ಲಿ ಗಿಡ್ಡ ರೋಮಗಳ ಸಾಲು, ಮೊದಲೆರಡು ಕಳೆಗಳಲ್ಲಿ ತೆಳುವಾದ ಪೊರೆ.

ಇನ್ನು ಬೀಜವು ಮೊಳೆಯುವ ಸಮಯವನ್ನು ಹೇಗೆ ಅರಿಯುತ್ತದೆ? 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ಲಿನಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ಲೆಟ್ಯೂಸ್ ಬೀಜಗಳನ್ನು ಬೆಳಕಿಗೊಡ್ಡಿ ಪರೀಕ್ಷಿಸಿದರು. ಸುಮಾರು 660 ನ್ಯಾನೊಮೀಟರ್ ತರಂಗದ ಕೆಂಪು ಬೆಳಕು ಬೀಜಗಳನ್ನು ಮೊಳೆಯಿಸಿತು. 730ರ ಸುಮಾರಿನ ದೂರಕೆಂಪು ಬೆಳಕು ಆ ಪ್ರೇರಣೆಯನ್ನು ಅಳಿಸಿತು. ಕೊನೆಗೆ ಬಿದ್ದ ಬೆಳಕಿನಂತೆ ಬೀಜದ ನಡತೆ. ಫೈಟೋಕ್ರೋಮ್ ಎಂಬ ವರ್ಣದ್ರವ್ಯವೇ ಇದಕ್ಕೆ ಕಾರಣ. ಹಸುರೆಲೆಯು ಕೆಂಪನ್ನು ಹೀರಿ ದೂರಕೆಂಪನ್ನು ಕೆಳಕ್ಕೆ ಬಿಡುತ್ತದೆ. ಆದುದರಿಂದ ದಟ್ಟವಾದ ಹಾಸಿನಡಿಯಲ್ಲಿ ಅನೇಕ ಕಳೆಬೀಜಗಳು ಸುಪ್ತವಾಗಿರುತ್ತವೆ. ಬೋಳಾದ ಎಡೆಯಲ್ಲಿ ಬಿಸಿಲೂ ಹಗಲಿರುಳಿನ ಉಷ್ಣತೆಯ ಏರಿಳಿತವೂ ಕೂಡಿ ಅವುಗಳನ್ನು ಎಬ್ಬಿಸುತ್ತವೆ.

ಹೀಗಿರುವಲ್ಲಿ ಹುಲ್ಲನ್ನು ನೆಲಮಟ್ಟಕ್ಕೆ ಹೆರೆಯುವುದು ಕಳೆಗೆ ಬಾಗಿಲು ತೆರೆದಂತೆಯೇ ಸರಿ. ಒಂದು ಸಲಕ್ಕೆ ಎಲೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ನಿತ್ಯ ಚಿಮುಕಿಸುವುದಕ್ಕಿಂತ ಅಂತರವಿಟ್ಟು ಆಳಕ್ಕಿಳಿಯುವಂತೆ ನೀರುಣಿಸುವುದು ಮೇಲು. ತುಳಿತದಿಂದ ಗಟ್ಟಿಯಾದ ನೆಲ ಎಲ್ಯೂಸೈನಿಗೆ ಪ್ರಿಯ. ಅಲ್ಲಿ ಕವೆಗೋಲಿನಿಂದ ಚುಚ್ಚಿ ಮಣ್ಣನ್ನು ಸಡಿಲಿಸಬೇಕು. ಮಳೆ ಬಂದ ಮರುದಿನ, ತೆನೆ ಮೂಡುವ ಮೊದಲೇ, ಬುಡಸಹಿತ ಕೀಳಬೇಕು. ಒಂದೇ ಗಿಡ ಸಹಸ್ರಾರು ಬೀಜಗಳನ್ನು ಚೆಲ್ಲಬಲ್ಲುದು.

ಪೆಂಡಿಮೆಥಲಿನ್ ಮುಂತಾದ ಔಷಧಗಳು ಮೊಳೆಯುವ ಮುನ್ನ ಹಾಕಿದರೆ ಮಾತ್ರ ಫಲಕಾರಿ. ಬೆಳೆದ ಗಿಡದ ಮೇಲೆ ನಿಷ್ಫಲ. ಗ್ಲೈಫೋಸೇಟ್ ಕಳೆಯೊಡನೆ ಗರಿಕೆಯನ್ನೂ ಕೊಲ್ಲುತ್ತದೆ. ಮೇಲಾಗಿ, ಅದನ್ನು ತಡೆದುಕೊಳ್ಳಬಲ್ಲ ಎಲ್ಯೂಸೈನ್ 1997ರಲ್ಲಿಯೇ ಮಲೇಷಿಯದಲ್ಲಿ ಕಾಣಿಸಿಕೊಂಡಿತು. ಒಂದೇ ಔಷಧವನ್ನು ನೆಚ್ಚಿ ಪುನಃಪುನಃ ಸಿಂಪಡಿಸುವಲ್ಲಿ, ಅದಕ್ಕೆ ಜಗ್ಗದ ಸಸಿಗಳನ್ನು ನಾವೇ ಆರಿಸಿ ಬೆಳೆಸಿದಂತಾಗುತ್ತದೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಮುಂಗಾರಿಗೆ ಮುನ್ನ ಹಾಸಿನಲ್ಲಿ ಎರಡು ಸಮಚೌಕಗಳನ್ನು ಗುರುತಿಸಿ, ಒಂದನ್ನು ನೆಲಮಟ್ಟಕ್ಕೆ ಹೆರೆದು, ಇನ್ನೊಂದನ್ನು ಎತ್ತರವಾಗಿ ಬಿಡಿರಿ. ತಿಂಗಳ ತರುವಾಯ ಎರಡರಲ್ಲಿಯೂ ಕಳೆಗಳನ್ನು ಎಣಿಸಿರಿ. ಕತ್ತರಿಯ ಎತ್ತರಕ್ಕೂ ಕಳೆಯ ಸಂಖ್ಯೆಗೂ ಇರುವ ಸಂಬಂಧ ನಿಮ್ಮ ಕಣ್ಣಿಗೇ ಬೀಳುವುದು.