ಮನೆಯೊಳಕ್ಕೆ ಹಗಲಿನ ಬೆಳಕು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹಳೆಯ ಊರುಗಳಲ್ಲಿ ತೊಟ್ಟಿಮನೆಗಳು ಅಲ್ಲೊಂದು ಇಲ್ಲೊಂದು ಇಂದಿಗೂ ಉಳಿದಿವೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತಲೂ ಕಂಬಗಳ ಪಡಸಾಲೆ, ಅದರ ಹಿಂದೆ ಕೋಣೆಗಳು. ಹೊರಗೋಡೆಗಳಲ್ಲಿ ಕಿಟಕಿಗಳು ಕಡಿಮೆ, ಇದ್ದರೂ ಚಿಕ್ಕವು. ಆದರೂ ಹಗಲು ಹೊತ್ತಿನಲ್ಲಿ ಪಡಸಾಲೆಯಲ್ಲಿ ಕುಳಿತು ಅಕ್ಕಿ ಆರಿಸಲು, ಪುಸ್ತಕ ಓದಲು ದೀಪ ಬೇಕಾಗುತ್ತಿರಲಿಲ್ಲ. ತೊಟ್ಟಿಯ ಕಲ್ಲುಹಾಸಿನ ಮೇಲೆ ಬಿದ್ದ ಬೆಳಕು ಸುಣ್ಣದ ಗೋಡೆಗೆ ತಾಗಿ, ಅಲ್ಲಿಂದ ಹಿಂದಿರುಗಿ, ಮೆತ್ತಗಾಗಿ ಒಳಮನೆಗೆ ಸೇರುತ್ತಿತ್ತು. ದೇವರ ಕೋಣೆಗೂ ಅಡುಗೆಮನೆಗೂ ಮಾಡಿನಲ್ಲಿ ಒಂದು ಬೆಳಕಿಂಡಿಯನ್ನೋ ಗಾಜಿನ ಹೆಂಚನ್ನೋ ಇಡುತ್ತಿದ್ದರು.

ಇಂತಹ ಮನೆಗಳು ಕತ್ತಲಾಗುವುದು ಬಹುಮಟ್ಟಿಗೆ ಪಾಲಾಗುವ ದಿನದಿಂದ. ಅಣ್ಣತಮ್ಮಂದಿರು ಬೇರೆಯಾದಾಗ ತೊಟ್ಟಿಯ ನಡುವೆ ಗೋಡೆ ಏಳುತ್ತದೆ. ಇಕ್ಕಟ್ಟಾದ ಅರ್ಧ ತೊಟ್ಟಿಯನ್ನು ಒಬ್ಬರು ತಗಡಿನಿಂದ ಮುಚ್ಚುತ್ತಾರೆ, ಇನ್ನೊಬ್ಬರು ಅದರ ಮೇಲೆ ತಾರಸಿ ಹಾಕಿ ಕೋಣೆ ಮಾಡಿಕೊಳ್ಳುತ್ತಾರೆ. ನೆಲದ ಲೆಕ್ಕ ಇಬ್ಬರಿಗೂ ಸರಿಹೋಗುತ್ತದೆ, ಬೆಳಕು ಮಾತ್ರ ಇಬ್ಬರಿಗೂ ಇಲ್ಲವಾಗುತ್ತದೆ. ಹೊಸ ಬಡಾವಣೆಗಳಲ್ಲಿಯೂ ಮೂವತ್ತು–ನಲವತ್ತರ ನಿವೇಶನದಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮೇಲೆ ನಡುಮನೆಯಲ್ಲಿ ಮಧ್ಯಾಹ್ನವೂ ದೀಪ ಉರಿಯುತ್ತದೆ. ಇದರ ಕಷ್ಟ ಹೆಚ್ಚಾಗಿ ತಟ್ಟುವುದು ದಿನವಿಡೀ ಮನೆಯಲ್ಲಿರುವ ವೃದ್ಧರಿಗೆ, ಗೃಹಿಣಿಯರಿಗೆ, ಓದುವ ಮಕ್ಕಳಿಗೆ.

ಬೆಳಕನ್ನು ಬೇಕಾದಲ್ಲಿಗೆ ಕರೆತರುವ ವಿದ್ಯೆ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಮುಂದೆ ಮಾಗಡಿಯನ್ನು ರಾಜಧಾನಿ ಮಾಡಿಕೊಂಡ ಕೆಂಪೇಗೌಡರ ಮನೆತನದೊಡನೆ ಹೆಸರು ಬೆಸೆದಿರುವ ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯೇ ಇದಕ್ಕೆ ಸಾಕ್ಷಿ. ಮಕರ ಸಂಕ್ರಾಂತಿಯ ಸಂಜೆ ಬಿಸಿಲು ಕಿಟಕಿಯ ಮೂಲಕ ಹಾದು, ನಂದಿಯ ಕೊಂಬುಗಳ ನಡುವಿನಿಂದ ಗವಿಯೊಳಗಿನ ಲಿಂಗವನ್ನು ಮುಟ್ಟುತ್ತದೆ. ನವೆಂಬರ್ ಕೊನೆಯಲ್ಲಿಯೂ ಸೂರ್ಯನು ಆಕಾಶದ ಅದೇ ದಾರಿಯಲ್ಲಿ ಸಾಗುವುದರಿಂದ ಆಗಲೂ ಬೆಳಕು ಹೀಗೆಯೇ ಒಳಬರುವುದನ್ನು ಖಗೋಳ ಅಭ್ಯಾಸಿಗಳು 2008ರಲ್ಲಿ ಪ್ರಕಟವಾದ ಲೇಖನದಲ್ಲಿ ತೋರಿಸಿದ್ದಾರೆ.

ಗುಡಿಯಲ್ಲಿ ಕಾಣುವ ಈ ಎಚ್ಚರ ನಮ್ಮ ಸೀಮೆಯ ಕಸುಬುಗಳಲ್ಲಿಯೂ ಉಂಟು. ರೇಷ್ಮೆ ಸಾಕುವವರು ಹುಳುಮನೆಗೆ ನೇರ ಬಿಸಿಲು ಬೀಳಗೊಡುವುದಿಲ್ಲ, ಪೂರ್ತಿ ಕತ್ತಲೆಯನ್ನೂ ಮಾಡುವುದಿಲ್ಲ. ಚಂದ್ರಿಕೆಯ ಒಂದು ಕಡೆಗೆ ಮಾತ್ರ ಬೆಳಕು ಜೋರಾಗಿ ಬಿದ್ದರೆ ಹಣ್ಣಾದ ಹುಳುಗಳು ನೆರಳಿನ ಕಡೆ ಒತ್ತೊತ್ತಾಗಿ ಸೇರಿ ಜೋಡಿಗೂಡು ಕಟ್ಟುತ್ತವೆ. ಅದರಿಂದ ಒಳ್ಳೆಯ ನೂಲು ಬಾರದು. ಚನ್ನಪಟ್ಟಣದ ಗೊಂಬೆ ಕೆಲಸದವರಿಗೂ ಅರಗಿನ ಬಣ್ಣದ ನಿಜರೂಪ ತಿಳಿಯುವುದು ಹಗಲಿನ ಬೆಳಕಿನಲ್ಲಿಯೇ; ಹಳದಿ ಬಲ್ಬಿನ ಕೆಳಗೆ ಬಣ್ಣ ಮೋಸ ಮಾಡುತ್ತದೆ. ಬೆಳಕು ಎಷ್ಟು ಬೇಕೋ ಅಷ್ಟು, ಎಲ್ಲಿ ಬೇಕೋ ಅಲ್ಲಿ ಎಂಬುದೇ ಇಲ್ಲಿನ ಸೂತ್ರ.

ಇದೇ ಸೂತ್ರವನ್ನು ಮನೆ ಕಟ್ಟುವಾಗಲೂ ಪಾಲಿಸಬಹುದು. ಮೋಡ ಮುಚ್ಚಿದ ದಿನದಲ್ಲಿಯೂ ಬಯಲಿನ ಬೆಳಕು ಸುಮಾರು 10,000 ಲಕ್ಸ್ ಇರುತ್ತದೆ. ಓದು ಬರಹಕ್ಕೆ 300 ಲಕ್ಸ್ ಸಾಕು. ಆದುದರಿಂದ ಕೊರತೆ ಇರುವುದು ಬೆಳಕಿಗಲ್ಲ, ಅದು ಬರುವ ದಾರಿಗೆ. ಕಿಟಕಿಯ ಮೇಲಂಚು ಎಷ್ಟು ಎತ್ತರದಲ್ಲಿದೆಯೋ ಅದರ ಸುಮಾರು ಎರಡರಷ್ಟು ದೂರದವರೆಗೆ ಬೆಳಕು ಚೆನ್ನಾಗಿ ತಲುಪುತ್ತದೆ. ಹಾಗಾಗಿ ಅಗಲವಾದ ತಗ್ಗು ಕಿಟಕಿಗಿಂತ ಎತ್ತರದ ಕಿಟಕಿ ಮೇಲು. ಗೋಡೆಗೂ ಸೂರಿನ ಒಳಮೈಗೂ ಬಿಳಿ ಬಣ್ಣವಿದ್ದರೆ ಒಳಬಂದ ಬೆಳಕು ವ್ಯರ್ಥವಾಗದು.

ತಾರಸಿಗೆ ನೇರವಾಗಿ ಗಾಜು ಹಾಸುವವರು ಒಂದು ಮಾತನ್ನು ನೆನಪಿಡಬೇಕು. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯಲ್ಲಿಯೂ ಆಗಸ್ಟ್ ನಡುವಿನ ನಂತರವೂ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಬೆಳಕಿನೊಡನೆ ಸೆಕೆಯೂ ಇಳಿಯುತ್ತದೆ. ಅದರ ಬದಲು ನಡುಮನೆಯ ಮೇಲೆ ಸೂರನ್ನು ಎರಡು ಮೂರು ಅಡಿ ಎತ್ತರಿಸಿ, ಉತ್ತರದ ಕಡೆಗೆ ನಿಲುವಾದ ಗಾಜು ಇಟ್ಟು, ಚಿಕ್ಕ ಸಜ್ಜೆ ಕೊಟ್ಟರೆ ವರ್ಷವಿಡೀ ಸೌಮ್ಯವಾದ ಬೆಳಕು ದೊರೆಯುತ್ತದೆ. ಕಿಟಕಿಗೆ ಎಡೆಯಿಲ್ಲದ ಕೋಣೆಗೆ ಒಳಮೈ ಕನ್ನಡಿಯಂತೆ ಹೊಳೆಯುವ ಕೊಳವೆಯನ್ನು ತಾರಸಿಯಿಂದ ಇಳಿಸಬಹುದು. ತಗಡಿನ ಸೂರಿನ ಬಡವರ ಮನೆಗೂ ಉಪಾಯ ಉಂಟು. ಬ್ರೆಜಿಲ್ ದೇಶದ ಆಲ್ಫ್ರೆಡೊ ಮೋಸರ್ ಎಂಬ ಮೆಕ್ಯಾನಿಕ್ 2002ರ ಸುಮಾರಿಗೆ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರೂ ಸ್ವಲ್ಪ ಬ್ಲೀಚೂ ತುಂಬಿ, ಸೂರಿನ ತೂತಿನಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಇರುವಂತೆ ನಿಲ್ಲಿಸಿದರು. ಬಿಸಿಲಿರುವಾಗ ಅದು 40ರಿಂದ 60 ವಾಟ್ ಬಲ್ಬಿನಷ್ಟು ಬೆಳಗುತ್ತದೆ. 2011ರಿಂದ ಫಿಲಿಪೈನ್ಸ್ ದೇಶದ ಬಡ ಕೇರಿಗಳಲ್ಲಿ ಇದು ಹರಡಿತು.

ಇನ್ನು ಪಾಲಿನ ವಿಚಾರ. ಕಿಟಕಿಗೆ 20 ವರ್ಷ ಅಡ್ಡಿಯಿಲ್ಲದೆ ಹಕ್ಕಿನಂತೆ ಬಂದ ಬೆಳಕನ್ನು ನಮ್ಮ ದೇಶದ ಕಾನೂನು ಹಕ್ಕೆಂದೇ ಮನ್ನಿಸುತ್ತದೆ. ಆದರೆ ಅಣ್ಣತಮ್ಮಂದಿರ ನಡುವೆ ಮಾತು ನ್ಯಾಯಾಲಯದವರೆಗೆ ಹೋಗುವುದು ಯಾರಿಗೂ ಶ್ರೇಯಸ್ಸಲ್ಲ. ವಿಭಾಗಪತ್ರ ಬರೆಯುವ ದಿನವೇ ತೊಟ್ಟಿಯನ್ನು ಹಂಚದೆ, ಇಬ್ಬರಿಗೂ ಸೇರಿದ ತೆರೆದ ಜಾಗವೆಂದು ಬರೆಸಿಡುವುದು ಒಳಿತು. ಬಾವಿಯನ್ನೂ ಓಡಾಡುವ ದಾರಿಯನ್ನೂ ಹೀಗೆ ಜಂಟಿಯಾಗಿ ಉಳಿಸಿಕೊಂಡ ಮನೆತನಗಳು ನಮ್ಮಲ್ಲಿ ಎಷ್ಟೋ ಇವೆ. ಆ ಪಟ್ಟಿಗೆ ತೊಟ್ಟಿಯನ್ನೂ ಸೇರಿಸಬೇಕೆಂದು ಮನೆಯ ಹಿರಿಯರಲ್ಲಿ ನಮ್ಮ ವಿನಂತಿ. ಒಲೆ ಬೇರೆಯಾದರೂ ಎರಡು ಮನೆಯ ಮಕ್ಕಳು ಒಂದೇ ಬೆಳಕಿನಲ್ಲಿ ಕುಳಿತು ಓದಲಿ.