ಜೀವಶಾಸ್ತ್ರವನ್ನು ತಿಳಿಯಹೇಳುವ ವೃತ್ತಿ

ಜೀವಶಾಸ್ತ್ರವನ್ನು ಓದಿದವನು ವೈದ್ಯನಾಗದಿದ್ದರೆ ಮತ್ತೇನಾಗಬಹುದು ಎಂಬ ಪ್ರಶ್ನೆ ನಮ್ಮ ವಿದ್ಯಾರ್ಥಿಗಳನ್ನು ಸದಾ ಕಾಡುತ್ತಿರುತ್ತದೆ. ಆ ಶಾಸ್ತ್ರವನ್ನು ಕಲಿಸುವುದೂ ಅದನ್ನು ಕುರಿತು ಜನಸಾಮಾನ್ಯರಿಗಾಗಿ ಬರೆಯುವುದೂ ಮಾತನಾಡುವುದೂ ಒಂದು ಜೀವನವೃತ್ತಿಯಾಗಬಲ್ಲುದೆಂದರೆ ಅನೇಕರು ನಂಬಲಾರರು. ಇಂಥ ವೃತ್ತಿಯನ್ನು ತನ್ನ ಕೈಯಾರೆ ಕಟ್ಟಿಕೊಂಡವರಲ್ಲಿ ಇಂಗ್ಲೆಂಡಿನ ಥಾಮಸ್ ಹೆನ್ರಿ ಹಕ್ಸ್ಲಿ (1825–1895) ಅಗ್ರಗಣ್ಯನು. ಡಾರ್ವಿನ್ನನ ಪರವಾಗಿ ವಾದಿಸಿದವನೆಂದು ಅವನ ಹೆಸರನ್ನು ನೀವು ಕೇಳಿರಬಹುದು. ಇಲ್ಲಿ ನಮಗೆ ಬೇಕಾದುದು ಅವನ ಬಾಳಿನ ಇನ್ನೊಂದು ಮುಖ.

ಹಕ್ಸ್ಲಿಯು ನೌಕಾಪಡೆಯ ಸಹಾಯಕ ವೈದ್ಯನಾಗಿ ಹಡಗಿನಲ್ಲಿ ಆಸ್ಟ್ರೇಲಿಯದ ಸಮುದ್ರಗಳನ್ನು ಸುತ್ತಿ 1850ರಲ್ಲಿ ಹಿಂದಿರುಗಿದನು. ಅಲ್ಲಿ ಕಂಡ ಕಡಲಜೀವಿಗಳನ್ನು ಕುರಿತ ಸಂಶೋಧನೆಗಾಗಿ ಮರುವರ್ಷವೇ ರಾಯಲ್ ಸೊಸೈಟಿಯ ಸದಸ್ಯತ್ವವೂ 1852ರಲ್ಲಿ ಅದರ ಪದಕವೂ ದೊರೆತವು. ಕೀರ್ತಿಯೇನೋ ಬಂದಿತು, ಅನ್ನ ಬರಲಿಲ್ಲ. ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿ ನಿರಾಶನಾದನು. ನಿಶ್ಚಿತಳಾದ ವಧು ದೂರದ ಸಿಡ್ನಿಯಲ್ಲಿ ಕಾಯುತ್ತಿದ್ದಳು. ಪತ್ರಿಕೆಗಳಿಗೆ ವಿಜ್ಞಾನವನ್ನು ಕುರಿತು ಬರೆದು ಅಷ್ಟಿಷ್ಟು ಸಂಪಾದಿಸುತ್ತಿದ್ದನು. 1854ರಲ್ಲಿ ಲಂಡನ್ನಿನ ಗಣಿ ವಿದ್ಯಾಶಾಲೆಯಲ್ಲಿ ಅಧ್ಯಾಪಕನಾದ ಮೇಲೆಯೇ, 1855ರಲ್ಲಿ, ವಿವಾಹ ನಡೆಯಿತು. ಬರವಣಿಗೆಯು ಅವನಿಗೆ ಮೊದಮೊದಲು ಹೊಟ್ಟೆಯ ಪಾಡಾಗಿತ್ತು. ಇದರಲ್ಲಿ ನಾಚಬೇಕಾದುದೇನೂ ಇಲ್ಲವೆಂದು ನನ್ನ ಅಭಿಪ್ರಾಯ.

ಅವನು ಹುಟ್ಟು ವಾಗ್ಮಿಯೂ ಅಲ್ಲ. ಆರಂಭದ ಒಂದು ಭಾಷಣವನ್ನು ಕೇಳಿದವನೊಬ್ಬನು ಅದರ ದೋಷಗಳನ್ನೆಲ್ಲ ಎತ್ತಿ ಕಾಗದ ಬರೆದನಂತೆ. ಹಕ್ಸ್ಲಿಯು ಅದರ ಮೇಲೆ “ಒಳ್ಳೆಯ ಸಲಹೆ” ಎಂದು ಗುರುತು ಹಾಕಿ ಜೋಪಾನವಾಗಿರಿಸಿಕೊಂಡನು. 1855ರಲ್ಲಿ ಅವನು ಕಾರ್ಮಿಕರಿಗಾಗಿ ಉಪನ್ಯಾಸಗಳನ್ನು ಆರಂಭಿಸಿದನು. 1862ರಲ್ಲಿ ಅವರಿಗೆ ನೀಡಿದ ಆರು ಉಪನ್ಯಾಸಗಳನ್ನು ಒಬ್ಬನು ಶೀಘ್ರಲಿಪಿಯಲ್ಲಿ ಬರೆದುಕೊಂಡು ತನ್ನ ಲಾಭಕ್ಕೇ ಅಚ್ಚುಮಾಡಿಸಿದನು. ಹಕ್ಸ್ಲಿ ಸಂತೋಷದಿಂದಲೇ ಒಪ್ಪಿಗೆ ಕೊಟ್ಟಿದ್ದನು.

ಅವನ ಕಲೆಯು ಪೂರ್ಣವಾಗಿ ಕಾಣುವುದು 1868ರಲ್ಲಿ ನಾರ್ವಿಚ್ ನಗರದ ಕಾರ್ಮಿಕರಿಗೆ ನೀಡಿದ ಉಪನ್ಯಾಸದಲ್ಲಿ. ವಿಷಯ, ಸೀಮೆಸುಣ್ಣದ ಒಂದು ಚೂರು! (ನಮ್ಮ ತರಗತಿಗಳಲ್ಲಿ ಇಂದು ಬಳಸುವ ಕಡ್ಡಿ ಬಹುಮಟ್ಟಿಗೆ ಜಿಪ್ಸಮ್ಮಿನದು. ಅವನು ಹೇಳಿದ್ದು ಭೂಮಿಯಿಂದ ತೆಗೆದ ನಿಜವಾದ ಸುಣ್ಣಕಲ್ಲಿನ ಮಾತು.) ಆ ನಗರದ ನೆಲವನ್ನು ಆಳವಾಗಿ ತೋಡಿದರೆ ಇದೇ ಬಿಳಿಯ ಕಲ್ಲು ಸಿಕ್ಕುತ್ತದೆ. ಆದುದರಿಂದ ಕೇಳುವವರ ಕಾಲಕೆಳಗಿನಿಂದಲೇ ಕಥೆ ಮೊದಲಾಗುತ್ತದೆ. ಈ ಕಲ್ಲು ಏನು? ತೆಳ್ಳಗೆ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸಣ್ಣ ಸಣ್ಣ ಗುಳ್ಳೆಗಳನ್ನು ಒಂದಕ್ಕೊಂದು ಅಂಟಿಸಿದಂತಿರುವ ಚಿಪ್ಪುಗಳು ಕಾಣುತ್ತವೆ. ಇವು ಯಾರ ಚಿಪ್ಪುಗಳು? ಅದಕ್ಕೆ ಉತ್ತರ ದೊರೆತುದು ಯಾರೂ ನೆನೆಯದ ಕಡೆಯಿಂದ. ತಂತಿಸಮಾಚಾರದ ಹೊರಜಿಯನ್ನು ಅಟ್ಲಾಂಟಿಕ್ ಸಾಗರದಲ್ಲಿ ಹಾಸುವುದಕ್ಕಾಗಿ 1857ರಲ್ಲಿ ಒಂದು ಹಡಗು ಸಾಗರದ ಆಳವನ್ನು ಅಳೆಯಿತು. 10,000 ಅಡಿಗೂ ಹೆಚ್ಚು ಆಳದಿಂದ ಮೇಲೆ ಬಂದ ಕೆಸರನ್ನು ಪರೀಕ್ಷಿಸಲು ಹಕ್ಸ್ಲಿಗೇ ಕೊಟ್ಟರು. ಅದರಲ್ಲಿ ‘ಗ್ಲಾಬಿಜರೈನ’ ಎಂಬ ಏಕಕೋಶಜೀವಿಯ ಅಂಥವೇ ಚಿಪ್ಪುಗಳು ರಾಶಿರಾಶಿಯಾಗಿದ್ದವು. ಎಂದಮೇಲೆ ಈ ಸುಣ್ಣಕಲ್ಲು ಪುರಾತನವಾದೊಂದು ಕಡಲಿನ ತಳದ ಕೆಸರು. ನಾರ್ವಿಚ್ ನಗರವು ಒಂದಾನೊಂದು ಕಾಲದಲ್ಲಿ ಸಮುದ್ರ. ಇಷ್ಟು ದಪ್ಪನೆಯ ಪದರ ಕೂಡಿಬರಲು ಎಷ್ಟು ಕಾಲ ಹಿಡಿಯಿತು, ಆ ಕಾಲದಲ್ಲಿ ಜೀವಿಗಳು ಹೇಗೆ ಬದಲಾದವು ಎಂದು ಅವನು ಮುಂದೆ ಸಾಗುತ್ತಾನೆ. ಆ ಕಲ್ಲಿನ ಬಹುಭಾಗವು ಇನ್ನೂ ಸೂಕ್ಷ್ಮವಾದ, ಪಾಚಿಯ ಜಾತಿಗೆ ಸೇರಿದ ಜೀವಿಗಳ ಸುಣ್ಣದ ಬಿಲ್ಲೆಗಳಿಂದಾದುದೆಂದು ಈಗ ತಿಳಿದಿದೆ. ಆ ಬಿಲ್ಲೆಗಳನ್ನು ಕೆಸರಿನಲ್ಲಿ ಮೊದಲು ಗುರುತಿಸಿದವನೂ ಅವನೇ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹಕ್ಸ್ಲಿಯು ಸಿದ್ಧಾಂತವನ್ನು ಮೊದಲು ಹೇಳಿ ಉದಾಹರಣೆಗಳನ್ನು ಆಮೇಲೆ ಪೋಣಿಸುವುದಿಲ್ಲ. ಪ್ರಶ್ನೆ ಮೊದಲು, ಸಾಕ್ಷ್ಯ ಆಮೇಲೆ, ನಿರ್ಣಯ ಕೊನೆಗೆ. ಬಡಗಿಯಾಗಲಿ ಕಮ್ಮಾರನಾಗಲಿ ಆ ನಿರ್ಣಯಕ್ಕೆ ತನ್ನ ಬುದ್ಧಿಯಿಂದಲೇ ಬಂದು ಸೇರುತ್ತಾನೆ. ಇದು ಸುಲಭದ ಕೆಲಸವೆಂದು ವಿದ್ವಾಂಸರಲ್ಲಿ ಕೆಲವರು ತಿಳಿದಿದ್ದಾರೆ. ಹಕ್ಸ್ಲಿಯು 1894ರಲ್ಲಿ ತನ್ನ ಉಪನ್ಯಾಸಗಳ ಸಂಗ್ರಹಕ್ಕೆ ಬರೆದ ಮುನ್ನುಡಿಯಲ್ಲಿ, ಶಾಸ್ತ್ರದ ನಿಖರತೆ ಎಳ್ಳಷ್ಟೂ ಕೆಡದಂತೆ ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ಹೇಳುವ ಕೆಲಸವು ತನ್ನ ಶಕ್ತಿಯನ್ನೆಲ್ಲ ಹೀರಿತೆಂದು ತಿಳಿಸಿದ್ದಾನೆ.

ತರಗತಿಯಲ್ಲಿಯೂ ಅವನದು ಇದೇ ಹಾದಿ. ಹಳೆಯ ಕಟ್ಟಡದಲ್ಲಿ ಪ್ರಯೋಗಕ್ಕೆ ಜಾಗವಿರಲಿಲ್ಲ. 1871ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಶಾಲಾ ಉಪಾಧ್ಯಾಯರಿಗಾಗಿ ನಡೆಸಿದ ಬೇಸಗೆಯ ಶಿಕ್ಷಣದಲ್ಲಿ ಬೆಳಗ್ಗೆ ಉಪನ್ಯಾಸ ಕೇಳಿದುದನ್ನು ಅವರು ಅಂದೇ ತಮ್ಮ ಕೈಯಿಂದ ಕೊಯ್ದು, ಕಣ್ಣಿನಿಂದ ಕಂಡರು. ಯೀಸ್ಟಿನಿಂದ ಹಿಡಿದು ಕಪ್ಪೆಯವರೆಗೆ ಕೆಲವೇ ಮಾದರಿ ಜೀವಿಗಳನ್ನು ಆರಿಸಿ ಕೂಲಂಕಷವಾಗಿ ನೋಡುವ ಈ ಕ್ರಮವು 1875ರಲ್ಲಿ ಪುಸ್ತಕರೂಪದಲ್ಲಿ ಬಂದಿತು. ನಮ್ಮ ಕಾಲೇಜುಗಳಲ್ಲಿ ಬಹುಕಾಲ ನಡೆದ ಅಮೀಬ, ಹೈಡ್ರ, ಎರೆಹುಳು, ಜಿರಳೆ, ಕಪ್ಪೆ ಎಂಬ ಸಾಲು ಇದೇ ವಂಶದ್ದು. ಪರೀಕ್ಷೆಯ ಕೈಗೆ ಸಿಕ್ಕಿ ಅದು ಕಂಠಪಾಠವಾಯಿತೆಂಬುದು ನಿಜ, ತಪ್ಪು ಹಕ್ಸ್ಲಿಯದಲ್ಲ.

1884ರಲ್ಲಿ ಈ ತರಗತಿಗೆ ಬಂದ ಬಡ ವಿದ್ಯಾರ್ಥಿಯೊಬ್ಬನು ಹಿಂದೆ ಬಟ್ಟೆಯಂಗಡಿಯಲ್ಲಿ ದುಡಿದವನು. ಅವನೇ ಎಚ್. ಜಿ. ವೆಲ್ಸ್. ಹಕ್ಸ್ಲಿಯ ಬಳಿ ಕಳೆದ ಆ ಒಂದು ವರ್ಷವನ್ನು ಅವನು ಕೊನೆಯವರೆಗೂ ಕೊಂಡಾಡಿದನು. ಮರುವರ್ಷದ ಭೌತಶಾಸ್ತ್ರದ ಪಾಠ ಮಾತ್ರ ಅವನಿಗೆ ನೀರಸವಾಗಿ ತೋರಿತು! ಇದನ್ನು ಬರೆಯುವಾಗ ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಕೊಂಚ ಸಂಕೋಚವಾಗುತ್ತದೆ. 1887ರಲ್ಲಿ ಪರೀಕ್ಷೆಯಲ್ಲಿ ಸೋತು ಹೊರಬಿದ್ದ ವೆಲ್ಸ್ 1890ರಲ್ಲಿ ಪದವಿ ಪಡೆದು, ಪಾಠ ಹೇಳುತ್ತ, 1893ರಲ್ಲಿ ಜೀವಶಾಸ್ತ್ರದ ಪಠ್ಯಪುಸ್ತಕವನ್ನು ಬರೆದನು. ಅದೇ ವರ್ಷ ಕಾಯಿಲೆ ಬಿದ್ದು ತರಗತಿಯನ್ನು ಬಿಟ್ಟು ಲೇಖನಿಯನ್ನೇ ನಂಬಬೇಕಾಯಿತು. 1894ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವನು ಬರೆದ ಲೇಖನದ ವಾದ ನಮಗೆ ಈಗ ಪರಿಚಿತವೇ: ವಿಜ್ಞಾನಲೇಖನವು ಪತ್ತೇದಾರಿ ಕಥೆಯಂತೆ ಸಾಗಬೇಕು, ಸುಳಿವುಗಳು ಮೊದಲು, ರಹಸ್ಯಭೇದನ ಆಮೇಲೆ. ಗುರುವಿನ ಸೀಮೆಸುಣ್ಣವು ಇಲ್ಲಿ ಸೂತ್ರವಾಗಿದೆ.

ಈ ಹಾದಿಗೆ ಬೆಲೆ ತೆತ್ತವರೂ ಉಂಟು. ಹಕ್ಸ್ಲಿಯ ಮೊಮ್ಮಗನಾದ ಜೂಲಿಯನ್ ಹಕ್ಸ್ಲಿಯು ವೆಲ್ಸ್ ಮತ್ತು ಅವನ ಮಗನೊಡನೆ ಜೀವಶಾಸ್ತ್ರವನ್ನೆಲ್ಲ ಜನರಿಗೆ ತಿಳಿಯಹೇಳುವ ಬೃಹದ್ಗ್ರಂಥವೊಂದನ್ನು ಬರೆಯುವುದಕ್ಕಾಗಿ 1927ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಪದವಿಯನ್ನೇ ಬಿಟ್ಟನು. ಕಟ್ಟುನಿಟ್ಟಿನ ವೆಲ್ಸ್ ಗಡುವು ಹಾಕಿ ಬರೆಯಿಸಿದನು. ಗ್ರಂಥವು 1929–30ರಲ್ಲಿ ಹೊರಬಂದಿತು. ಅನಂತರ ಜೂಲಿಯನ್ 1935ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಕಾರ್ಯದರ್ಶಿಯೂ 1946ರಲ್ಲಿ ಯುನೆಸ್ಕೊ ಸಂಸ್ಥೆಯ ಮೊದಲ ಮಹಾನಿರ್ದೇಶಕನೂ ಆದನು. ವಿಜ್ಞಾನವನ್ನು ಜನಪ್ರಿಯಗೊಳಿಸಿದವರಿಗೆಂದು ಒಡಿಶಾದ ಬಿಜು ಪಟ್ನಾಯಕರು ಇಟ್ಟ ದತ್ತಿಯಿಂದ ಯುನೆಸ್ಕೊ ನೀಡುವ ಕಳಿಂಗ ಬಹುಮಾನವು 1953ರಲ್ಲಿ ಅವನಿಗೇ ಸಂದಿತು.