ಮೇಲೆ ಥಳಕು, ಒಳಗೆ ಹುಳುಕು!
ಕಸೂತಿ ಸ್ಕಾರ್ಫ್ ಕೊಳ್ಳುವವರೇ, ಮೊದಲು ಮಗುಚಿ ನೋಡಿ

ಧಾರವಾಡ: ಅಜ್ಜಿಯ ಟ್ರಂಕಿನಲ್ಲಿದ್ದ ಚಂದ್ರಕಾಳಿ ಸೀರೆ ಈಗ ಮೊಮ್ಮಗಳ ಕೊರಳಿಗೆ ಬಂದಿದೆ. ಸೀರೆಯಾಗಿ ಅಲ್ಲ, ರೇಷ್ಮೆ ಸ್ಕಾರ್ಫ್ ಆಗಿ! ಆ ಕರೀ ಸೀರೆಯ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಡಿಸೈನರ್‌ಗಳು ಸ್ಕಾರ್ಫಿಗೆ ಇಳಿಸಿದ್ದಾರೆ. ಒಂದು ಕೊಂಡವರು ಒಂದಕ್ಕೇ ನಿಲ್ಲೋದಿಲ್ಲ. ತೇರಿನದೊಂದು, ಆನೆಯದೊಂದು ಅಂತ ಕೂಡಿಸೋ ಹುಚ್ಚು.

ಹುಚ್ಚು ತಪ್ಪಲ್ಲ. ಆದರೆ ಕೂಡಿಸಿಟ್ಟದ್ದು ಕೈ ಕಸೂತಿಯೋ, ಯಂತ್ರದ್ದೋ? ಬಸ್ಸಿಗೆ ಹೊತ್ತಾಯ್ತೆಂದು ಗಡಿಬಿಡಿಯಲ್ಲಿ ಕೊಂಡರೆ ಮೋಸ ಗ್ಯಾರಂಟಿ.

ಗುರುತು ಹೇಗೆ?

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆಯೋ ಪದ್ಧತಿ ಇಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ರೇಷ್ಮೆಯ ಎಳೆ ಸಣ್ಣದು, ಎಣಿಸೋದು ಕಷ್ಟ. ಅದಕ್ಕೇ ಮೇಲೊಂದು ಜಾಳು ಬಟ್ಟೆ ಹಚ್ಚಿ, ಅದರ ಎಳೆ ಎಣಿಸಿ ಹೊಲಿದು, ಕಡೆಗೆ ಆ ಎಳೆಗಳನ್ನು ಒಂದೊಂದಾಗಿ ಕಿತ್ತು ತೆಗೀತಾರೆ.

ಗವಂತಿ, ಮುರಗಿಯಾದರೆ ಎರಡೂ ಮಗ್ಗುಲು ಒಂದೇ ಚಿತ್ರ. ದಾರಕ್ಕೆ ಗಂಟು ಇರೋದಿಲ್ಲ. ನೇಗಿ, ಮೆಂತೆಯಲ್ಲಿ ಹಿಂಬದಿ ಬೇರೆ ಕಾಣಬಹುದು, ಅದು ಖೋಟಾ ಅಲ್ಲ. ಆದರೆ ಹಿಂದೆ ಬೇರೆ ಬಣ್ಣದ ದಾರ ಒತ್ತಾಗಿ ಕೂತಿದ್ದರೆ, ಕಾಗದದಂಥ ಅಸ್ತರಿ ಅಂಟಿದ್ದರೆ ಅದು ಯಂತ್ರದ ಕೆಲಸ.

ಹೊಡೆತ ಯಾರಿಗೆ?

ಯಂತ್ರ ಗಂಟೆಯೊಳಗೆ ಮುಗಿಸೋದಕ್ಕೆ ಮನೆಯಲ್ಲಿ ಕೂತು ಹೊಲಿಯೋ ಹೆಣ್ಣುಮಗಳಿಗೆ ದಿನಗಟ್ಟಲೆ ಬೇಕು. ಎರಡಕ್ಕೂ ಒಂದೇ ಹೆಸರಿಟ್ಟರೆ ಗಿರಾಕಿ ಏನಂತಾನೆ? ‘ಆ ಅಂಗಡ್ಯಾಗ ಅರ್ಧಕ್ಕ ಕೊಡ್ತಾರಲ್ರೀ’ ಅಂತಾನೆ. ಅಂಗಡಿಯವರು ದರ ಇಳಿಸ್ತಾರೆ. ಇಳಿದ ದರ ಕಡೆಗೆ ಬಂದು ಬೀಳೋದು ಆಕೆಯ ಕೂಲಿಯ ಮೇಲೆ, ಆಕೆಯ ಕಣ್ಣಿನ ಮೇಲೆ.

ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹೆಸರಿಗೆ ಕಾನೂನಿನ ಬೇಲಿ ಬಿದ್ದಿದೆ, ನಿಜ. ಆದರೆ ಗಲ್ಲೆಯ ಮುಂದೆ ನಿಂತು ಬಟ್ಟೆ ಮಗುಚಿ ನೋಡೋದು ಕಾನೂನಲ್ಲ, ಗಿರಾಕಿ.

ವ್ಯಾಪಾರಸ್ಥರಿಗೂ ಒಂದು ಮಾತು. ಯಂತ್ರದ ಮಾಲು ಮಾರೋದು ಪಾಪವಲ್ಲ, ಅದಕ್ಕೂ ಗಿರಾಕಿ ಇದ್ದಾರೆ. ‘ಇದು ಯಂತ್ರದ್ದು, ಇದು ಕೈಯದು’ ಅಂತ ಎರಡು ಚೀಟಿ ಹಚ್ಚಿದರೆ ಸಾಕು.

ಇನ್ನು ಕೂಡಿಸಿಟ್ಟವರು ಸ್ಕಾರ್ಫನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ, ಬಿಸಿಲಿಗೆ ಬಿಡಬೇಡಿ. ದಿನಗಟ್ಟಲೆ ಎಳೆ ಎಣಿಸಿದವಳ ಕೆಲಸಕ್ಕೆ ಇಷ್ಟಾದರೂ ಮರ್ಯಾದೆ ಬೇಡವೇ?